ಪಟೇಲರ ಬೆನ್ನಿನ ಪಟ

ಮಂಡ್ಯ ಜಿಲ್ಲೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಒಂದು ವೀಳ್ಯದೆಲೆ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಅಧ್ಯಾಯ ಮೀಸಲಿಡಬೇಕಾಗುತ್ತದೆ. ೧೯೪೧ರ ಆಷಾಢದಲ್ಲಿ ಜರ್ಮನಿಯವರು ರಷ್ಯಾದೊಳಕ್ಕೆ ನುಗ್ಗಿದ್ದರು. ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಪೇಪರು ಓದುವವರು ಅದನ್ನೇ ದೊಡ್ಡ ಸುದ್ದಿ ಎಂದುಕೊಂಡಿದ್ದರು. ಕೊಪ್ಪದ ಆಚೆಗಿರುವ ಸೀಗೆಕೊಪ್ಪಲಿನವರು ಹಾಗೆ ಮೋಸಹೋಗಲಿಲ್ಲ. ಅವರ ಮುಂದೆ ಎಲೆಯ ಪ್ರಶ್ನೆ ಇತ್ತು.

ಸೀಗೆಕೊಪ್ಪಲಿನ ಕೆರೆಗೆ ನಾಲೆಯ ನೀರು ಬಂದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಆದರೆ ಆ ನೀರು ಹಂಚುವ ಪದ್ಧತಿ ನಾಲೆಗಿಂತ ಹಳೆಯದು, ಬಹುಶಃ ಕೆರೆಗಿಂತಲೂ ಹಳೆಯದು. ಪ್ರತಿ ಸರದಿಯ ಮೊದಲ ದಿನ ಹೊತ್ತು ಮೂಡುವಾಗ ಗದ್ದೆಯವರೆಲ್ಲ ಚಾವಡಿಯ ಮುಂದೆ ಸೇರಬೇಕು. ಪಟೇಲ್ ಹುಚ್ಚೀರಯ್ಯನವರು ಕಲ್ಲಿನ ಮೇಲೆ ಕೂತು, ತಟ್ಟೆಯಿಂದ ಒಂದು ಎಲೆ ತೆಗೆದು, ತುಸು ಬಗ್ಗಿ ತಮ್ಮ ಎರಡು ಪಾದಗಳ ನಡುವೆ ನೆಲದ ಮೇಲೆ ಇಡುತ್ತಾರೆ. ಹೆಸರು ಕೂಗಿಸಿಕೊಂಡವನು ಬಂದು, ಸೊಂಟ ಬಗ್ಗಿಸಿ, ತಲೆಯನ್ನು ಪಟೇಲರ ಮಂಡಿಗಿಂತ ಕೆಳಕ್ಕೆ ತಂದು, ಎರಡೂ ಕೈಯಲ್ಲಿ ಎಲೆ ಎತ್ತಿಕೊಳ್ಳಬೇಕು. ಅದನ್ನು ಒಯ್ದು ನೀರಗಂಟಿ ಕರಿಸಿದ್ದಯ್ಯನ ಕೈಗೆ ಕೊಟ್ಟರೆ ಅವನು ಆ ಗದ್ದೆಯ ಪಾಲಿನ ತೂಬು ಎತ್ತುತ್ತಾನೆ. ಎಲೆ ಇಲ್ಲದವನಿಗೆ ನೀರಿಲ್ಲ. ಸರ್ಕಾರದ ಯಾವ ಕಾನೂನಿನಲ್ಲೂ ಇದು ಬರೆದಿರಲಿಲ್ಲ. ಬರೆದಿದ್ದರೆ ಯಾರಾದರೂ ವಕೀಲರು ಅದನ್ನು ಯಾವತ್ತೋ ಮುರಿದಿರುತ್ತಿದ್ದರು.

ಆ ಆಷಾಢದ ಬೆಳಿಗ್ಗೆ ಎಲೆ ಎತ್ತದೆ ನಿಂತವನು ಜವರಯ್ಯ. ಮೂವತ್ತೆರಡರ ಪ್ರಾಯ, ಮಾತು ಕಡಿಮೆ. ಮನೆಯಲ್ಲಿ ತಾಯಿ ಬೆಟ್ಟಮ್ಮ, ಹೆಂಡತಿ ಚಲುವಮ್ಮ. ಕೆರೆಯ ಕೆಳಗೆ ಇವರಿಗಿದ್ದದ್ದು ಒಂದೇ ಗದ್ದೆ. ಅದರ ಮೂಲೆಯಲ್ಲಿ ಭತ್ತದ ಒಟ್ಲು, ಅಂದರೆ ಸಸಿಮಡಿ, ಆಗಲೇ ಗೇಣುದ್ದ ಎದ್ದಿತ್ತು. ನೀರು ಸಿಕ್ಕರೆ ನಾಟಿ, ಇಲ್ಲದಿದ್ದರೆ ಒಣಹುಲ್ಲು.

ಜವರಯ್ಯನ ಬೆನ್ನು ಇಪ್ಪತ್ತೆರಡು ವರ್ಷಕ್ಕೇ ಹಿಡಿದುಕೊಳ್ಳಲು ಶುರುವಾಗಿತ್ತು. ವಿಚಿತ್ರವೆಂದರೆ ಅದು ಎಲ್ಲರ ಬೆನ್ನಿನಂತೆ ದುಡಿದು ನೋಯುತ್ತಿರಲಿಲ್ಲ, ಮಲಗಿದರೆ ನೋಯುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಅವನು ಹಲಗೆಯ ಹಾಗೆ ಆಗಿರುತ್ತಿದ್ದ. ಎದ್ದು ಓಡಾಡಿ, ನೇಗಿಲು ಹಿಡಿದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅರ್ಧ ಮನುಷ್ಯನಾಗುತ್ತಿದ್ದ. ಊರಿನವರು ಅವನನ್ನು ಕಾಣುತ್ತಿದ್ದದ್ದು ಮಧ್ಯಾಹ್ನ. ಪಟೇಲರು ಎಲೆ ಇಡುತ್ತಿದ್ದದ್ದು ಸೂರ್ಯ ಹುಟ್ಟುವಾಗ. ಹಿಂದಿನ ವರ್ಷದವರೆಗೂ ಅವನು ಹಲ್ಲು ಕಚ್ಚಿ ಹೇಗೋ ಬಗ್ಗಿದ್ದ. ಈ ವರ್ಷ ಹಲ್ಲು ಕಚ್ಚಿದರೂ ಬೆನ್ನು ಒಪ್ಪಲಿಲ್ಲ.

ಹೆಸರು ಕೂಗಿದಾಗ ಅವನು ಬಂದು ಎದೆಯ ಮಟ್ಟಕ್ಕೆ ಎರಡೂ ಕೈ ಚಾಚಿ ನಿಂತ.

"ನೆಲದ ಮ್ಯಾಲಿರೋದು ಕಾಣಕಿಲ್ವೇನ್ಲಾ?" ಎಂದರು ಪಟೇಲರು.

"ಬೆನ್ನು ಬಗ್ಗಕಿಲ್ಲ ಪಟೇಲ್ರೆ."

ಹಾಗೆಂದವನು ಸುಮ್ಮನೆ ನಿಲ್ಲಬಹುದಿತ್ತು. ಪಾಪ, ಪದ್ಧತಿಗೆ ಮರ್ಯಾದೆ ಕೊಡಲು ಹೋದ. ಮಂಡಿ ಮಡಿಸಿ, ಬೆನ್ನು ಗೂಟದಂತೆ ನೆಟ್ಟಗಿಟ್ಟುಕೊಂಡೇ ಕುಕ್ಕರಗಾಲಲ್ಲಿ ಕೂತು, ಎಲೆಗಾಗಿ ತಡಕಾಡಿದ. ಹಾಗೆ ಕೂತಾಗ ಅವನ ಕಣ್ಣು ನೇರ ಪಟೇಲರ ಕಣ್ಣಿಗೆ ಬಂತು. ಬೇರೆ ಎಲ್ಲಿಗೂ ಹೋಗುವಂತಿರಲಿಲ್ಲ, ಏಕೆಂದರೆ ಕತ್ತೂ ಬಗ್ಗುತ್ತಿರಲಿಲ್ಲ. ಪಟೇಲರ ವಂಶದಲ್ಲಿ ಯಾರೂ ಅಷ್ಟು ಹತ್ತಿರದಿಂದ ಗದ್ದೆಯವನ ಕಣ್ಣನ್ನು ಕಂಡಿರಲಾರರು. ಅವರು ಎಲೆಯನ್ನು ಕಾಲಲ್ಲಿ ಒತ್ತಿ ಹಿಡಿದರು.

ಅವರ ಬಲಗಡೆ ಯಾವಾಗಲೂ ಚಿಕ್ಕಬೋರಯ್ಯನೆಂಬವನು ನಿಂತಿರುತ್ತಿದ್ದ. ಪಟೇಲರು ಕೆಮ್ಮಿದರೆ ತಾನೂ ಗಂಟಲು ಸರಿಮಾಡಿಕೊಳ್ಳುವ ಆಸಾಮಿ. ಜವರಯ್ಯ ನಿನ್ನೆ ಮಧ್ಯಾಹ್ನ ಕೆಸರಿನಲ್ಲಿ ನೇಗಿಲು ಹಿಡಿದದ್ದನ್ನು ತಾನು ಕಣ್ಣಾರೆ ಕಂಡೆನೆಂದೂ, ಎತ್ತಿಗೆ ಬಗ್ಗುವ ಬೆನ್ನು ಪಟೇಲರಿಗೆ ಮಾತ್ರ ಬಗ್ಗುವುದಿಲ್ಲವೆಂದರೆ ಅದಕ್ಕೆ ಏನೆನ್ನಬೇಕೋ ಹತ್ತು ಜನವೇ ಹೇಳಬೇಕೆಂದೂ ಅವನು ಸಾಕ್ಷಿ ನುಡಿದ. ಹತ್ತು ಜನ ಏನೂ ಹೇಳಲಿಲ್ಲ. ಅವರಿಗೂ ಎಲೆ ಬೇಕಿತ್ತು.

"ಕಾಯ್ಲೆ ಅಂದ್ರೆ ಹುಣ್ಣಾದ್ರೂ ಕಾಣ್ಬೇಕು, ಬಾವಾದ್ರೂ ಕಾಣ್ಬೇಕು," ಎಂದರು ಪಟೇಲರು. "ಇದು ಸೊಕ್ಕು. ಅಲ್ಲ ಅನ್ನೋದಾದ್ರೆ ಬೆನ್ನೊಳಗಿನ ಮೂಳೆ ಈಚೆಗೆ ತಗ್ದು ತೋರ್ಸ್ಲಿ, ಒಪ್ಕತೀನಿ. ಅಲ್ಲೀಗಂಟ ಎಲೆ ಇಲ್ಲ."

ಚಾವಡಿ ನಕ್ಕಿತು. ಹೆಂಗಸರ ಸಾಲಿನಿಂದ ಬೆಟ್ಟಮ್ಮ ಎದ್ದು ಬಂದಳು. ಆಕೆ ಕೂಗಾಡುವ ಹೆಂಗಸಲ್ಲ. ಅದೇ ಆಕೆಯ ವಿಷಯದಲ್ಲಿ ಊರಿನವರಿಗಿದ್ದ ಭಯ.

"ತೋರ್ಸಿದ್ರೆ ಒಪ್ಕತೀರಾ? ಇನ್ನೊಂದ್ ಸಲ ಯೋಳಿ ಪಟೇಲ್ರೆ, ಎಲ್ರಿಗೂ ಕೇಳ್ಲಿ."

ಪಟೇಲರು ಇನ್ನೊಮ್ಮೆ ಹೇಳಿದರು. ಮಗನನ್ನು ಗಾಡಿಯಲ್ಲಿ ಮಲಗಿಸದೆ, ನಿಲ್ಲಿಸಿಕೊಂಡೇ ಬೆಟ್ಟಮ್ಮ ಮದ್ದೂರಿಗೆ ಹೊರಟಳು. ಅಲ್ಲಿಂದ ರೈಲಿನಲ್ಲಿ ಮಂಡ್ಯ.

ಸಕ್ಕರೆ ಕಾರ್ಖಾನೆ ಬಂದ ಮೇಲೆ ಮಂಡ್ಯಕ್ಕೆ ಏನೇನೋ ಬಂದಿದ್ದವು. ಅವುಗಳಲ್ಲಿ ಒಬ್ಬ ಖಾಸಗಿ ಡಾಕ್ಟರು ಯುದ್ಧಕ್ಕೆ ಮುಂಚೆಯೇ ತರಿಸಿಟ್ಟಿದ್ದ, ಒಳಗಿನ ಮೂಳೆಯ ಪಟ ತೆಗೆಯುವ ಯಂತ್ರವೂ ಒಂದು. ಅದಕ್ಕೆ ಬೆಟ್ಟಮ್ಮ ಏನು ಕೊಟ್ಟಳೋ ಯಾರಿಗೂ ಹೇಳಲಿಲ್ಲ. ಊರಿಗೆ ಮರಳಿದಾಗ ಕಿವಿಯಲ್ಲಿ ವಾಲೆ ಇರಲಿಲ್ಲ, ಅಷ್ಟೆ.

ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ ಜವರಯ್ಯನನ್ನು ಅಲ್ಲಾಡಿಸಿಬಿಟ್ಟಿತು.

"ನೋವು ಬೆಳಿಗ್ಗೆ ಎದ್ದಾಗ ಹೆಚ್ಚೋ, ಕೆಲಸ ಮಾಡಿದ ಮೇಲೆ ಹೆಚ್ಚೋ?"

ಹತ್ತು ವರ್ಷದಲ್ಲಿ ಅವನಿಗೆ ಬೆನ್ನಿನ ಮೇಲೆ ಬರೆ ಹಾಕಿದವರಿದ್ದರು, ಹರಳೆಣ್ಣೆ ತಿಕ್ಕಿದವರಿದ್ದರು, ತುಳಿದವರಿದ್ದರು. ಮಲಗಿ ಸುಧಾರಿಸಿಕೋ ಎಂದು ಎಲ್ಲರೂ ಹೇಳಿದ್ದರು. ಮಲಗಿದಷ್ಟೂ ಅವನು ಕಟ್ಟಿಗೆಯಾಗಿದ್ದ. ಈ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವನು ಉತ್ತರ ಹೇಳುವುದಕ್ಕೆ ಮುಂಚೆ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದನಂತೆ. ಕತ್ತು ತಿರುಗದ್ದರಿಂದ ಇಡೀ ಮೈಯನ್ನೇ ತಿರುಗಿಸಬೇಕಾಯಿತು ಎಂದು ಬೆಟ್ಟಮ್ಮ ಹೇಳಿದಳು.

ಪಟ ತೊಳೆದು ಒಣಗಿದ ಮೇಲೆ ಡಾಕ್ಟರು ಅದನ್ನು ಕಿಟಕಿಯ ಗಾಜಿಗೆ ಒತ್ತಿ, ಪಕ್ಕದಲ್ಲಿ ಯಾರದೋ ಗಟ್ಟಿಮುಟ್ಟಾದ ಮನುಷ್ಯನ ಇನ್ನೊಂದು ಪಟ ಹಿಡಿದರು. ಬೆನ್ನೆಂಬುದು ಒಂದೇ ಮೂಳೆಯಲ್ಲ ಎಂದರು: ಕತ್ತಿನಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು, ಅದರ ಕೆಳಗೆ ಕೂಡಿಕೊಂಡು ಹುಟ್ಟಿದ ತ್ರಿಕೋನದ ಮೂಳೆ. ಒಂದರ ಮೇಲೊಂದು ಪೇರಿಸಿಟ್ಟ ಈ ಬಿಲ್ಲೆಗಳ ನಡುವೆ ಒಂದೊಂದು ಮೆತ್ತೆ. ಮೂಳೆ ಪಟದಲ್ಲಿ ಬೆಳ್ಳಗೆ ಬೀಳುತ್ತದೆ, ಮೆತ್ತೆ ಬೀಳುವುದಿಲ್ಲ; ಬಿಲ್ಲೆಗೂ ಬಿಲ್ಲೆಗೂ ನಡುವೆ ಕಾಣುವ ಕಪ್ಪು ಸಂದೇ ಮೆತ್ತೆ ಇದೆ ಎಂಬುದಕ್ಕೆ ಗುರುತು. ಆ ಸಂದು ಇರುವುದರಿಂದಲೇ ಮನುಷ್ಯ ಬಗ್ಗುತ್ತಾನೆ. ಜವರಯ್ಯನ ಪಟದಲ್ಲಿ ಬಿಲ್ಲೆಯ ಅಂಚಿನಿಂದ ಬಿಲ್ಲೆಯ ಅಂಚಿಗೆ ಬಿಳಿಯ ಸೇತುವೆ ಕಟ್ಟಿಕೊಂಡಿತ್ತು. ಮೂಳೆಗಳನ್ನು ಬಿಗಿದಿಡುವ ನಾರೇ ಮೂಳೆಯಾಗಿ, ಮೇಲಿನಿಂದ ಕೆಳಗಿನವರೆಗೆ ಎಲ್ಲಾ ಬೆಸೆದು, ಗೆಣ್ಣು ಗೆಣ್ಣಾಗಿ ಒಂದು ಬಿದಿರು ನಿಂತ ಹಾಗಿತ್ತು. ಸೊಂಟದ ಮೂಳೆಗೂ ತ್ರಿಕೋನದ ಮೂಳೆಗೂ ನಡುವೆ ಇರಬೇಕಾದ ಗೆರೆ ಅಳಿಸಿಯೇ ಹೋಗಿತ್ತು.

"ಇದು ಮುರಿದದ್ದಲ್ಲಮ್ಮ, ಕೂಡಿಕೊಂಡದ್ದು," ಎಂದರು ಡಾಕ್ಟರು. "ಮುರಿದಿದ್ದರೆ ಕೂಡಿಸಬಹುದಿತ್ತು. ಕೂಡಿಕೊಂಡದ್ದನ್ನು ಬಿಡಿಸುವ ಮದ್ದು ಇನ್ನೂ ಬಂದಿಲ್ಲ."

ಮಲಗಿಸಬೇಡಿ, ಓಡಾಡಿಸಿ ಎಂದು ಹೇಳಿ, ಒಂದು ಚೀಟಿ ಬರೆದುಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಊರಿಗೆ ತಂದು ತೋರಿಸಿದಾಗ ಪಟೇಲರು ಅದನ್ನು ಮುಟ್ಟಲೂ ಇಲ್ಲ. ತಾವು ಕೇಳಿದ್ದು ಮೂಳೆ, ಕಾಗದವಲ್ಲ ಎಂದರು.

ಮೂಳೆಯನ್ನು ಬೆಟ್ಟಮ್ಮ ಚಾವಡಿಯ ಮುಂದೆ ಸೂರ್ಯನಿಗೆ ಎದುರಾಗಿ ಎತ್ತಿ ಹಿಡಿದಳು. ಊರು ಕತ್ತು ಚಾಚಿ ನೋಡಿತು. ತಮ್ಮ ನಡುವೆ ಓಡಾಡುವ ಮನುಷ್ಯನ ಒಳಗನ್ನು ಹೀಗೆ ಬೆಳಕಿಗೆ ಹಿಡಿದು ನೋಡುವುದು ಸರಿಯೋ ತಪ್ಪೋ ಎಂದು ಚಲುವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಜವರಯ್ಯ ತನ್ನ ಬೆನ್ನನ್ನು ತಾನು ನೋಡಲಿಲ್ಲ.

ಪಟೇಲರು ಮಾತ್ರ ಚೆನ್ನಾಗಿ ನೋಡಿದರು. ಅವರು ಕಾರ್ಖಾನೆಗೆ ಕಬ್ಬು ಕಳಿಸುವ ಕುಳ. ಜಲ್ಲೆ ನೋಡಿ ಒಳಗೆ ಹುಳು ಇದೆಯೋ ಇಲ್ಲವೋ ಹೇಳಬಲ್ಲವರು. ಅದೇ ಕಣ್ಣಿನಲ್ಲಿ ಪಟವನ್ನು ಮೇಲಿನಿಂದ ಕೆಳಕ್ಕೆ ಉಗುರಿನಲ್ಲಿ ಗೀರಿ ನೋಡಿ, ತೀರ್ಪು ಕೊಟ್ಟರು. ಎಲ್ಲಿಯಾದರೂ ಬಿರುಕು ಉಂಟೋ? ಇಲ್ಲ. ಸೊಟ್ಟ ಉಂಟೋ? ಇಲ್ಲ. ಬುಡದಿಂದ ತುದಿಯವರೆಗೆ ಒಂದೇ ಸಮ ಕೂಡಿಕೊಂಡಿರುವ ಇಂಥ ಜಲ್ಲೆ ತಮ್ಮ ತೋಟದಲ್ಲೇ ಬೆಳೆದಿಲ್ಲ.

ಬೆಟ್ಟಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು: ಬಿಲ್ಲೆ, ಮೆತ್ತೆ, ನಡುವೆ ಇರಬೇಕಾದ ಸಂದು.

"ಗ್ವಾಡೇಲಿ ಸಂದು ಬುಟ್ರೆ ಆವು ಬತ್ತದೆ," ಎಂದರು ಪಟೇಲರು. "ಸಂದಿರೋದು ಆರೋಗ್ಯ, ಸಂದಿಲ್ದಿರೋದು ಕಾಯ್ಲೆ ಅಂತ ಯಾವೂರ ನ್ಯಾಯ ಬೆಟ್ಟವ್ವ? ಒಂದೇ ತುಂಡಾಗಿದ್ರೆ ಗಟ್ಟಿ ಬೆನ್ನು, ತುಂಡುತುಂಡಾಗಿದ್ರೆ ಕಾಯ್ಲೆ ಬೆನ್ನು. ಕೂಸ್ಗೂ ಗೊತ್ತಾಗೋ ಮಾತಿದು."

ಚಿಕ್ಕಬೋರಯ್ಯ ಕೂಸಿನ ಪರವಾಗಿ ತಲೆಯಾಡಿಸಿದ. ಗಟ್ಟಿ ಬೆನ್ನಿರುವವನು ಬಗ್ಗುವುದಿಲ್ಲವೆಂದರೆ ಅದು ಸೊಕ್ಕೇ ಎಂದು ಸಿದ್ಧವಾಯಿತು. ಕೈಯಲ್ಲಿ ಹಿಡಿದು ತೋರಿಸಿದ ಸತ್ಯವನ್ನು ಹೀಗೆ ಮಗುಚಿಹಾಕಬಹುದೆಂದು ಬೆಟ್ಟಮ್ಮನಿಗೆ ಹೊಳೆದಿರಲಿಲ್ಲ. ಇದನ್ನು ಬರೆಯುವ ನನಗೂ ಹೊಳೆದಿರಲಿಲ್ಲ. ಯಂತ್ರವು ಮೂಳೆಯನ್ನು ತೋರಿಸೀತು. ನೋಡುವವನ ಕಣ್ಣನ್ನು ಅದು ಬದಲಿಸಿಕೊಡುವುದಿಲ್ಲ. ಕರಿಸಿದ್ದಯ್ಯ ತೂಬಿನ ಕಡೆ ನೋಡಿ, ಆಮೇಲೆ ತನ್ನ ಕಾಲಿನ ಕಡೆ ನೋಡಿಕೊಂಡ. ಎಲೆ ಇಲ್ಲದೆ ಎತ್ತಿದರೆ ನಾಳೆ ತನ್ನ ಕೆಲಸವೇ ಇರುವುದಿಲ್ಲ ಎಂದು ಅವನು ಹಿಂದಿನ ಸಂಜೆಯೇ ಚಲುವಮ್ಮನಿಗೆ ಹೇಳಿದ್ದ.

ಬೆಟ್ಟಮ್ಮ ಪಟವನ್ನು ಸೀರೆಯ ಸೆರಗಿನಲ್ಲಿ ಒರೆಸಿ ಮಡಿಲಿಗೆ ಸೇರಿಸಿದಳು.

"ಆಗಾದ್ರೆ ನಿಮ್ದೂ ಒಂದು ತಗ್ಸಿ ಪಟೇಲ್ರೆ. ಎರಡ್ನೂ ಪಕ್ಕದಲ್ಲಿಟ್ಟು ನೋಡುವ. ನನ್ ಮಗನ್ದೇ ಗಟ್ಟಿ ಅಂತ ಊರೆಲ್ಲ ಅಂದ್ಕಂಡ್ರೆ ನಿಮ್ಗೂ ಮರ್ವಾದೆ ಅಲ್ಲ."

ಪಟೇಲರು ಪ್ರಾಯದಲ್ಲಿ ಗರಡಿಯ ಗುಂಡು ಎತ್ತಿದವರು. ಅದನ್ನು ಆಗಾಗ ನೆನಪಿಸುತ್ತಲೂ ಇದ್ದರು. ಜವರಯ್ಯನಂಥವನದೇ ಇಷ್ಟು ನೆಟ್ಟಗಿದ್ದರೆ ತಮ್ಮದು ಹೇಗಿರಬೇಡ! ಮರುದಿನವೇ ಜರಿ ಪೇಟ ಸುತ್ತಿ, ಚಿಕ್ಕಬೋರಯ್ಯನನ್ನು ಕರೆದುಕೊಂಡು ಮಂಡ್ಯಕ್ಕೆ ಹೋದರು. ಯಂತ್ರದ ಕೆಳಗೆ ಮಲಗುವಾಗ ಬೆಳ್ಳಿಯ ಉಡಿದಾರ ಬಿಚ್ಚಬೇಕೆಂದರಂತೆ. ಬಿಚ್ಚಿದರು, ಆದರೆ ಮುಷ್ಟಿಯಿಂದ ಬಿಡಲಿಲ್ಲ.

ಸಂಜೆ ಚಾವಡಿಯಲ್ಲಿ ಜನ ಕಾದಿತ್ತು. ಇಳಿಬಿಸಿಲಿಗೆ ಚಿಕ್ಕಬೋರಯ್ಯ ಪಟ ಎತ್ತಿದ.

ಆ ಪಟ ನಿಜಕ್ಕೂ ಸೊಗಸಾಗಿತ್ತು. ಅರವತ್ತು ದಾಟಿದ ಮನುಷ್ಯನ ಬೆನ್ನು ಅಷ್ಟು ಚೆನ್ನಾಗಿರುವುದು ಅಪರೂಪ. ಪ್ರತಿ ಬಿಲ್ಲೆಯೂ ಬೇರೆ, ಪ್ರತಿ ಸಂದೂ ಕಪ್ಪಗೆ ಸ್ಪಷ್ಟ. ಪ್ರತಿ ಬಿಲ್ಲೆಯಲ್ಲೂ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಗುರುತು, ನಡುವೆ ಕೆಳಕ್ಕೆ ಇಳಿದ ಚೂಪು. ಬೆನ್ನಿನ ಪಟದಲ್ಲಿ ಅದು ಹಾಗೆಯೇ ಕಾಣಬೇಕು. ಜವರಯ್ಯನದರಲ್ಲಿ ಬೆಸುಗೆಯ ಬಿಳುಪು ಅದನ್ನು ಮುಚ್ಚಿತ್ತು. ಪಟೇಲರದರಲ್ಲಿ ಮುಚ್ಚುವುದಕ್ಕೆ ಏನೂ ಇರಲಿಲ್ಲ. ಎರಡು ಕಣ್ಣು, ಒಂದು ಕೊಕ್ಕು.

"ಗೂಬೆ," ಎಂದಿತು ಹಿಂದಿನಿಂದ ಒಂದು ದನಿ.

ಒಂದಲ್ಲ. ಸೊಂಟದಿಂದ ಎದೆಯವರೆಗೆ ಒಂದರ ಹೆಗಲ ಮೇಲೊಂದು ಸಾಲಾಗಿ ಕೂತು ಊರನ್ನೇ ನೋಡುತ್ತಿದ್ದವು. ಅದಕ್ಕಿಂತ ಭಯಂಕರವಾದದ್ದನ್ನು ಚಿಕ್ಕಬೋರಯ್ಯನೇ ಕಂಡುಹಿಡಿದ. ನಲವತ್ತು ವರ್ಷ ಪಟೇಲರ ಮಾತಿಗೆ ತಲೆಯಾಡಿಸಿದವನಿಗೆ ಅವರು ಕೊಟ್ಟ ತೀರ್ಪನ್ನು ಮರೆಯುವ ಅಭ್ಯಾಸವಿರಲಿಲ್ಲ.

"ಪಟೇಲ್ರೆ, ನಿಮ್ ಬೆನ್ನಲ್ಲಿ ಒಂದಕ್ಕೂ ಒಂದಕ್ಕೂ ಸಂಬಂದನೇ ಇಲ್ವಲ್ಲ."

ಡಾಕ್ಟರು ಏನೂ ತೊಂದರೆ ಇಲ್ಲವೆಂದರು ಎಂದು ಪಟೇಲರು ಹೇಳಿದರು. ದನಿ ಮಾತ್ರ ಕೆಳಗಿತ್ತು.

"ಸಾಯೋರ್ಗೆ ಡಾಕ್ಟ್ರು ಇನ್ನೇನ್ ಯೋಳ್ತಾರೆ? ಏನೂ ಇಲ್ಲ ಅಂತಾನೇ ಯೋಳಾದು," ಎಂದ ಚಿಕ್ಕಬೋರಯ್ಯ, ಮರುಕದಿಂದ.

ಪಟೇಲರು ಬೆಟ್ಟಮ್ಮನ ಕಡೆ ತಿರುಗಿದರು. ಸೀಗೆಕೊಪ್ಪಲಿನಲ್ಲಿ ಆ ಪಟವನ್ನು ಓದಬಲ್ಲವಳು ಆಕೆಯೊಬ್ಬಳೇ ಎಂಬುದು ಆ ಕ್ಷಣ ಅವರಿಗೆ ಹೊಳೆಯಿತು ಎನ್ನಿಸುತ್ತದೆ. ಅವರು ಏನೋ ಕೇಳುವಂತೆ ಬಾಯಿ ತೆರೆದರು.

"ನಾನ್ ನೆನ್ನೇನೇ ಯೋಳ್ದೆ," ಎಂದಳು ಬೆಟ್ಟಮ್ಮ. "ಸಂದಿದ್ರೆ ಆರೋಗ್ಯ ಅಂದೆ. ಅಲ್ಲ, ಕಾಯ್ಲೆ ಅಂತ ನೀವೇ ಅಂದ್ರಿ. ಪಟೇಲ್ರು ತೀರ್ಮಾನ ಮಾಡಿದ್ ಮ್ಯಾಲೆ ನಾನು ಯಂಗ್ಸು, ಇನ್ನೊಂದ್ ಮಾತಾಡ್ಲಾ?"

ಇನ್ನೊಂದು ಮಾತು ಆಡಲಿಲ್ಲ. ಹಾಗೆಂದು ಆಕೆಯನ್ನು ದೂರುವವರಿದ್ದರೆ, ಅಂದು ಬೆಳಿಗ್ಗೆ ಒಟ್ಲಿನ ಅಂಚು ಹಳದಿಗೆ ತಿರುಗಿದ್ದನ್ನು ಅವರು ನೋಡಿರಲಿಲ್ಲ.

ಪಟೇಲರು ಮನೆಗೆ ನಡೆದು ಹೋಗಲಿಲ್ಲ. ಒಳಗಿನದೆಲ್ಲ ಕಳಚಿ ಬೀಳಬಹುದೆಂದು ಊರಿನವರು ಅವರನ್ನು ಬಾಗಿಲ ಹಲಗೆಯ ಮೇಲೆ ಹೊತ್ತುಕೊಂಡು ಹೋದರು. ಮಳವಳ್ಳಿ ಕಡೆಯಿಂದ ಮೂಳೆ ಕಟ್ಟುವ ನಾಟಿ ವೈದ್ಯ ಬಂದ. ಅವನು ಪಟ ನೋಡಿ, ಇಷ್ಟೊಂದು ಕಡೆ ಮುರಿದ ಬೆನ್ನನ್ನು ತನ್ನ ತಾತನೂ ಕಟ್ಟಿಲ್ಲವೆಂದು ಹೇಳಿ, ಕಟ್ಟಿದ. ಕೋಳಿಮೊಟ್ಟೆಯಲ್ಲಿ ಕಲಸಿದ ಉದ್ದಿನ ಹಿಟ್ಟಿನ ಲೇಪ, ಅದರ ಮೇಲೆ ಕುಂಡಿಯಿಂದ ಕತ್ತಿನವರೆಗೆ ಸುತ್ತ ಬಿದಿರಿನ ಸೀಳು, ಅದರ ಮೇಲೆ ಬಟ್ಟೆ. ದೀಪಾವಳಿಯವರೆಗೆ ಬಗ್ಗುವಂತಿಲ್ಲ, ಕೂರುವಂತಿಲ್ಲ ಎಂದು ಆಜ್ಞೆಯಾಯಿತು. ಜವರಯ್ಯನ ಮೈಯೊಳಗಿದ್ದ ಬಿದಿರು ಪಟೇಲರಿಗೆ ಹೊರಗಡೆ ಸಿಕ್ಕಿತು.

ಹರಕೆ ಹೊರಲು ವೈದ್ಯನಾಥಪುರಕ್ಕೆ ಹೋದಾಗ ಅವರು ವೈದ್ಯನಾಥೇಶ್ವರನ ಮುಂದೆ ಕಂಬದಂತೆ ನಿಂತೇ ಕೈ ಮುಗಿದರು. ಅಡ್ಡಬೀಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. ದೇವರು ಅದನ್ನು ಸೊಕ್ಕು ಎನ್ನಲಿಲ್ಲ. ಅರ್ಚಕರೇ ಮುಂದೆ ಬಂದು ತೀರ್ಥವನ್ನು ಅವರ ಬಾಯಿಯ ಮಟ್ಟಕ್ಕೆ ಎತ್ತಿ ಹುಯ್ದರು.

ಶ್ರಾವಣದಲ್ಲಿ ಎರಡನೆಯ ಸರದಿ ಬಂತು. ಹೊತ್ತು ಮೂಡುವಾಗ ಚಾವಡಿಯ ಮುಂದೆ ಎಲ್ಲರೂ ಸೇರಿದರು. ಪಟೇಲರನ್ನು ಕರೆತಂದು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದರು. ಚಿಕ್ಕಬೋರಯ್ಯ ತಟ್ಟೆ ಹಿಡಿದ. ಎಲೆಯನ್ನು ಪಾದಗಳ ನಡುವೆ ಇಡಬೇಕಾದವರು ಪಟೇಲರೇ, ಬೇರೆಯವರು ಇಟ್ಟರೆ ಅದು ಎಲೆಯೇ ಅಲ್ಲ. ಅವರು ಒಂದು ಎಲೆ ಎತ್ತಿದರು, ನೆಲದ ಕಡೆ ಒಂದು ನೋಟ ಕಳಿಸಿದರು, ಆಮೇಲೆ ಎಲೆಯನ್ನು ಎದೆಯ ಮುಂದಕ್ಕೆ ಚಾಚಿದರು. ಮೊದಲ ಗದ್ದೆಯವನು ಅದನ್ನು ನಿಂತೇ ತೆಗೆದುಕೊಂಡ. ಯಾರೂ ಆಕಾಶ ಬೀಳುತ್ತದೆಯೇ ಎಂದು ಮೇಲೆ ನೋಡಲಿಲ್ಲ. ಹಾಗೆ ಕೊಟ್ಟ ಎಲೆಗೂ ಕರಿಸಿದ್ದಯ್ಯ ತೂಬು ಎತ್ತಿದ, ಹಾಗೆ ಎತ್ತಿದ ತೂಬಿನಲ್ಲೂ ನೀರು ಹರಿಯಿತು. ಇಷ್ಟು ಸುಲಭದ ವಿಷಯಕ್ಕೆ ಒಂದು ಊರು ಇಷ್ಟು ತಲೆಮಾರು ನೆಲಕ್ಕೆ ಬಗ್ಗಿತ್ತು.

ಜವರಯ್ಯನ ಹೆಸರು ಕೂಗಿದರು. ಅವನು ಬಂದು ಆಷಾಢದಲ್ಲಿ ಚಾಚಿದ್ದ ಮಟ್ಟಕ್ಕೇ ಕೈ ಚಾಚಿದ. ಎಲೆ ಅಷ್ಟೇ ಎತ್ತರದಲ್ಲಿ ಕಾದಿತ್ತು. ಬಿದಿರು ಕಟ್ಟಿಕೊಂಡ ಇಬ್ಬರೂ ಎದುರುಬದುರು ನಿಂತರು. ಯಾರಿಗೂ ಕಣ್ಣು ತಪ್ಪಿಸುವ ಅನುಕೂಲವಿರಲಿಲ್ಲ.

"ಬೆಳಗಾಗೆದ್ದಾಗ ನಿಂಗೂ ಇಂಗೇ ಇಡ್ಕತದೇನ್ಲಾ?" ಎಂದು ಪಟೇಲರು ಮೆಲ್ಲಗೆ ಕೇಳಿದರು.

"ಊ. ಅತ್ತು ವರ್ಸಾಯ್ತು."

ಪಟೇಲರು ಇನ್ನೇನೋ ಕೇಳುವವರಿದ್ದರು. ಹಿಂದೆ ಇನ್ನೂ ಜನ ಕಾಯುತ್ತಿದ್ದರು. ಜವರಯ್ಯ ಎಲೆಯನ್ನು ಕರಿಸಿದ್ದಯ್ಯನಿಗೆ ಕೊಟ್ಟು, ಇಡೀ ಮೈ ತಿರುಗಿಸಿ, ಗದ್ದೆಯ ಕಡೆ ನಡೆದ.

ಅವನ ಗದ್ದೆಗೆ ಅಂದು ನೀರು ಬಂತು. ಒಟ್ಲು ಅಷ್ಟರಲ್ಲಿ ಪೂರಾ ಒಣಗಿತ್ತು. ಆ ವರ್ಷ ಅಲ್ಲಿ ರಾಗಿ ಹಾಕಿದರು.